ಕುದಿಯುವ ನೀರಿಗೆ ಕಡಿವಾಣ

ಚಾರ್ಮಾಡಿಯ ಯಾವುದೋ ತಿರುವಿನಲ್ಲಿ ಬಾನೆಟ್ ತೆರೆದುಕೊಂಡು ನಿಂತ ಅಂಬಾಸಿಡರ್ ಕಾರು, ರೇಡಿಯೇಟರಿನಿಂದ ಬುಸುಗುಡುವ ಹಬೆ, ಪಕ್ಕದ ತೊರೆಯಿಂದ ಡಬ್ಬದಲ್ಲಿ ನೀರು ಹೊತ್ತು ತರುವ ಚಾಲಕ. ಘಟ್ಟ ಹತ್ತಿ ಇಳಿಯುವವರಿಗೆ ಒಂದು ಕಾಲಕ್ಕೆ ಇದು ತೀರಾ ಪರಿಚಿತ ನೋಟ. ಅನುಭವಸ್ಥ ಚಾಲಕ ಕೂಡಲೇ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುತ್ತಿರಲಿಲ್ಲ. ಕಾಲು ಗಂಟೆ ಸುಮ್ಮನೆ ಕೂತು, ಆಮೇಲೆ ಒದ್ದೆ ಗೋಣಿತಾಟು ಮುಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ನಿಧಾನವಾಗಿ ತಿರುಗಿಸುತ್ತಿದ್ದ. ಆ ಮುಚ್ಚಳದ ಕೆಳಗೆ ಅಡಗಿರುವುದು ಬರಿಯ ಬಿಸಿನೀರಲ್ಲ, ಒತ್ತಡ ಎಂಬುದು ಅವನಿಗೆ ಗೊತ್ತಿತ್ತು.

ಈ ಒತ್ತಡವನ್ನು ಹಿಡಿದಿಡಲು ಮನುಷ್ಯ ಪಟ್ಟ ಪಾಡಿಗೆ ಮುನ್ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಕಾರಿನ ಮಟ್ಟಿಗೆ ಆ ಇತಿಹಾಸದ ಒಂದು ಸ್ವಾರಸ್ಯಕರ ಅಧ್ಯಾಯ ನಡೆದದ್ದು ದೊಡ್ಡ ಕಾರ್ಖಾನೆಗಳಲ್ಲಲ್ಲ; ಮನೆಯ ಹಿತ್ತಲಿನ ಷೆಡ್ಡುಗಳಲ್ಲಿ.

ನೀರು ಕುಡಿಯುವ ಗಾಡಿ

ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯೆಲ್ಲ ಚಕ್ರಕ್ಕೆ ತಲುಪುವುದಿಲ್ಲ. ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಹೊಗೆಯೊಡನೆ ಹೋದರೆ, ಅಷ್ಟೇ ಇನ್ನೊಂದು ಪಾಲು ಸಿಲಿಂಡರಿನ ಗೋಡೆಗಳನ್ನು ಕಾಯಿಸುತ್ತದೆ. ಈ ಶಾಖವನ್ನು ಹೊರಗೆ ಸಾಗಿಸದಿದ್ದರೆ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಜ್ ಅವರ ಮೂರು ಚಕ್ರದ ಗಾಡಿಯಲ್ಲಿ ಇದಕ್ಕೆ ಸರಳ ಉಪಾಯವಿತ್ತು. ಸಿಲಿಂಡರಿನ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗಲಿ, ಹೋದಷ್ಟನ್ನು ತುಂಬಿಸಿದರಾಯಿತು. 1888ರಲ್ಲಿ ಬೆಂಜ್ ಅವರ ಪತ್ನಿ ಬರ್ಥಾ ಇಬ್ಬರು ಮಕ್ಕಳೊಡನೆ ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ, ಸುಮಾರು 100 ಕಿಲೋಮೀಟರ್ ದೂರ, ಈ ಬಗೆಯ ಗಾಡಿಯಲ್ಲಿ ಹೋದರು. ದಾರಿಯುದ್ದಕ್ಕೂ ಅದಕ್ಕೆ ನೀರು ಕುಡಿಸುವುದೇ ಒಂದು ಕೆಲಸವಾಗಿತ್ತು.

1900ರಲ್ಲಿ ವಿಲ್ಹೆಲ್ಮ್ ಮೇಬ್ಯಾಕ್ ಅವರು ಮೊದಲ ಮರ್ಸಿಡಿಸ್ ಕಾರಿಗಾಗಿ ಜೇನುಗೂಡಿನಂಥ ರೇಡಿಯೇಟರ್ ರೂಪಿಸಿದರು. 8,070 ಪುಟ್ಟ ಕೊಳವೆಗಳನ್ನು ಬೆಸೆದು ಮಾಡಿದ ಈ ಗೂಡಿನ ಮೂಲಕ ಗಾಳಿ ಬೀಸಿದಾಗ, 9 ಲೀಟರ್ ನೀರು ಸುತ್ತಿ ಸುತ್ತಿ ಬಂದು ಎಂಜಿನ್ನನ್ನು ತಣಿಸುತ್ತಿತ್ತು. ನೀರು ಕಳೆದುಹೋಗುವ ಬದಲು ಮತ್ತೆ ಮತ್ತೆ ದುಡಿಯತೊಡಗಿತು. ಆದರೆ 8,070 ಕೊಳವೆಗಳೆಂದರೆ ಸೋರಲು ಸಾವಿರಾರು ಜಾಗಗಳು ಎಂದೂ ಅರ್ಥ. ಬೆಸುಗೆ ಬಿಗಿಯಾಗಿದೆಯೇ ಎಂಬ ಪ್ರಶ್ನೆ ರೇಡಿಯೇಟರಿನ ಜೊತೆಯಲ್ಲೇ ಹುಟ್ಟಿತು.

ಕುಕ್ಕರಿನ ಪಾಠ

ತೆರೆದ ಪಾತ್ರೆಯಲ್ಲಿ ನೀರು ಸಮುದ್ರ ಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಎತ್ತರಕ್ಕೆ ಹೋದಷ್ಟೂ ಬೇಗ. ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೇ ಕುದಿ ಬರುತ್ತದೆ. ಘಟ್ಟ ಹತ್ತುವ ಕಾರಿಗೆ ಇದರಿಂದ ಎರಡು ಹೊಡೆತ: ಒಂದೆಡೆ ಎಂಜಿನ್ ಹೆಚ್ಚು ದುಡಿಯುತ್ತದೆ, ಇನ್ನೊಂದೆಡೆ ನೀರು ಬೇಗ ಕುದಿಯುತ್ತದೆ.

ಒತ್ತಡ ಹೆಚ್ಚಿಸಿದರೆ ಇದು ತಿರುಗುಮುರುಗಾಗುತ್ತದೆ. ಚದರ ಸೆಂಟಿಮೀಟರಿಗೆ 1 ಕಿಲೋ ಹೆಚ್ಚುವರಿ ಒತ್ತಡವಿದ್ದರೆ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕು. ಅಡುಗೆಮನೆಯ ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದು ಈ ಕಾರಣಕ್ಕೇ. ಫ್ರಾನ್ಸಿನ ಡೆನಿ ಪಾಪಾನ್ 1679ರಲ್ಲಿ ಮೂಳೆಯನ್ನೂ ಮೆತ್ತಗೆ ಬೇಯಿಸುವ ಬಿಗಿ ಮುಚ್ಚಳದ ಪಾತ್ರೆ ಮಾಡಿದರು. ಒತ್ತಡ ಮಿತಿಮೀರಿದರೆ ತಾನಾಗಿ ಎತ್ತಿಕೊಳ್ಳುವ, ಭಾರ ಹೇರಿದ ಕವಾಟವನ್ನೂ ಅದಕ್ಕೆ ಜೋಡಿಸಿದರು. ಕಾರಿನ ರೇಡಿಯೇಟರಿಗೆ ಸ್ಪ್ರಿಂಗ್ ಇರುವ ಒತ್ತಡದ ಮುಚ್ಚಳ ಬಂದಾಗ ಪಾಪಾನ್ ಅವರ ಅದೇ ತತ್ವ ಕೆಲಸಕ್ಕೆ ಬಂತು. ಕುಕ್ಕರ್ ಕೂಗುವುದೂ ರೇಡಿಯೇಟರ್ ಮುಚ್ಚಳ ಹಬೆ ಬಿಡುವುದೂ ಒಂದೇ ಕುಲದ ವಿದ್ಯೆ.

ಫೋರ್ಡ್ ವಿ-8 ತಂದ ತಲೆನೋವು

1932ರ ಮಾರ್ಚಿಯಲ್ಲಿ ಹೆನ್ರಿ ಫೋರ್ಡ್ ಎಂಟು ಸಿಲಿಂಡರಿನ ಅಗ್ಗದ ಕಾರನ್ನು ಪ್ರಕಟಿಸಿದರು. 65 ಅಶ್ವಶಕ್ತಿಯ ಈ ವಿ-8 ಎಂಜಿನ್ನಿನ ಬ್ಲಾಕನ್ನು ಒಂದೇ ಎರಕದಲ್ಲಿ ಹೊಯ್ದದ್ದೇ ಅದು ಅಗ್ಗವಾಗಲು ಕಾರಣ. ಆದರೆ ಒಂದು ಕೊರತೆ ಉಳಿಯಿತು. ಕವಾಟಗಳು ಬ್ಲಾಕಿನೊಳಗೇ ಇದ್ದುದರಿಂದ, ಬೆಂಕಿಯಂತೆ ಸುಡುವ ಹೊಗೆ ಹೊರಬರಲು ಬ್ಲಾಕಿನ ಮೈಯೊಳಗಿಂದಲೇ ಹಾದು ಬರಬೇಕಿತ್ತು. ಸಾಲದ್ದಕ್ಕೆ ಮೊದಲ ಮಾದರಿಗಳಲ್ಲಿ ನೀರಿನ ಪಂಪುಗಳು ಸಿಲಿಂಡರ್ ಹೆಡ್ಡಿನ ಮುಂಭಾಗದಲ್ಲಿದ್ದು, ಕಾದ ನೀರನ್ನು ಹೀರಿಕೊಳ್ಳುತ್ತಿದ್ದವು. ಕುದಿಯುವ ಹೊತ್ತಿಗೆ ಬಂದ ನೀರನ್ನು ಹೀರಿದರೆ ಒತ್ತಡ ತಗ್ಗಿ ಅದು ಅಲ್ಲೇ ಹಬೆಯಾಗುತ್ತದೆ. ಹಬೆ ತುಂಬಿದ ಪಂಪು ಸುಮ್ಮನೆ ತಿರುಗುತ್ತದೆ. 1937ರಲ್ಲಿ ಫೋರ್ಡ್ ಪಂಪುಗಳನ್ನು ಬ್ಲಾಕಿನ ಕೆಳಭಾಗಕ್ಕೆ ಸರಿಸಿ, ತಣ್ಣನೆಯ ನೀರನ್ನು ಒಳಕ್ಕೆ ತಳ್ಳುವಂತೆ ಮಾಡಿದರು. ತೊಂದರೆ ಕಡಿಮೆಯಾಯಿತೇ ಹೊರತು ಪೂರಾ ತೀರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೇನೆ ಬಳಸಿದ, ಕೆನಡಾದಲ್ಲಿ ತಯಾರಾದ ಫೋರ್ಡ್ ಲಾರಿಗಳಲ್ಲಿದ್ದುದೂ ಇದೇ ಮನೆತನದ ಎಂಜಿನ್.

ಅಮೆರಿಕದ ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದ ಯುವಕರಿಗೆ ಈ ಹಳೆಯ ಫೋರ್ಡ್‌ಗಳು ಪ್ರಾಣ. ಸೆಕೆಂಡ್‌ಹ್ಯಾಂಡ್ ಕಾರು ಕೊಂಡು, ಬೇಡದ ತಗಡನ್ನೆಲ್ಲ ಕಿತ್ತುಹಾಕಿ, ಮ್ಯೂರಾಕ್ ಎಂಬಲ್ಲಿನ ಒಣಗಿದ ಸರೋವರದ ಮೇಲೆ ಓಡಿಸುವುದು ಅವರ ಹವ್ಯಾಸ. 1937ರಲ್ಲಿ ಅವರದೇ ಸಂಘ ಹುಟ್ಟಿತು. 1949ರಲ್ಲಿ ಬಾನವಿಲ್‌ನ ಉಪ್ಪಿನ ಬಯಲಿಗೂ ಪಂದ್ಯ ವಿಸ್ತರಿಸಿತು. ಹೆಚ್ಚು ವೇಗ ಬೇಕೆಂದರೆ ಹೆಚ್ಚು ಶಕ್ತಿ, ಹೆಚ್ಚು ಶಕ್ತಿಯೆಂದರೆ ಹೆಚ್ಚು ಶಾಖ. ಅಂಗಡಿಯಲ್ಲಿ ಸಿಗದ ಭಾಗಗಳನ್ನು ತಾವೇ ಮಾಡಿಕೊಳ್ಳದೆ ಬೇರೆ ದಾರಿಯಿರಲಿಲ್ಲ. ಆ ಸೀಮೆಯಲ್ಲಿ ವಿಮಾನ ಕಾರ್ಖಾನೆಗಳು ಬೆಳೆದಿದ್ದರಿಂದ ಲೇತ್ ಹಿಡಿಯಬಲ್ಲ ಕೈಗಳಿಗೂ ಕೊರತೆಯಿರಲಿಲ್ಲ. ಇವರ ನಡುವಿನಿಂದಲೇ ಬಂದ ವಿಕ್ ಎಡಲ್‌ಬ್ರಾಕ್ ಮುಂದೆ ಫೋರ್ಡ್ ಎಂಜಿನ್ನಿಗೆ ಅಲ್ಯುಮಿನಿಯಂ ಹೆಡ್ಡುಗಳನ್ನು ಮಾಡಿ ಮಾರುವ ಉದ್ಯಮವನ್ನೇ ಕಟ್ಟಿದರು.

ಹಿತ್ತಲಿನ ಪ್ರಯೋಗಗಳಲ್ಲಿ ತಪ್ಪು ತಿಳಿವಳಿಕೆಗೂ ಜಾಗವಿತ್ತು. ನೀರು ಹೋಗುವ ದಾರಿಯಲ್ಲಿ ಸಣ್ಣ ತೂತಿನ ವಾಷರ್ ಇಟ್ಟರೆ ಎಂಜಿನ್ ಕುದಿಯುವುದು ಕಡಿಮೆಯಾಗುತ್ತದೆ ಎಂದು ಹಲವರು ಕಂಡುಕೊಂಡಿದ್ದರು. ನೀರು ನಿಧಾನವಾಗಿ ಹರಿದರೆ ರೇಡಿಯೇಟರಿನಲ್ಲಿ ಹೆಚ್ಚು ಹೊತ್ತು ತಣಿಯುತ್ತದೆ ಎಂಬುದು ಅವರು ಕೊಟ್ಟ ವಿವರಣೆ. ಅದು ಸರಿಯಲ್ಲ. ರೇಡಿಯೇಟರಿನಲ್ಲಿ ಹೆಚ್ಚು ಹೊತ್ತು ನಿಂತ ನೀರು ಎಂಜಿನ್ನಿನಲ್ಲೂ ಅಷ್ಟೇ ಹೆಚ್ಚು ಹೊತ್ತು ಕಾಯುತ್ತದಲ್ಲ! ನಿಜವಾಗಿ ನಡೆಯುತ್ತಿದ್ದುದು ಬೇರೆ. ದಾರಿ ಕಿರಿದಾದಾಗ ಬ್ಲಾಕಿನೊಳಗೆ ಒತ್ತಡ ಏರಿ, ಕಾದ ಗೋಡೆಗೆ ತಾಗಿದ ನೀರು ಅಲ್ಲಲ್ಲೇ ಹಬೆಯಾಗುವುದು ತಪ್ಪುತ್ತಿತ್ತು. ರೇಡಿಯೇಟರಿನ ಮೇಲಿನ ತೊಟ್ಟಿ ತುಂಬಿ ಚೆಲ್ಲುವುದೂ ನಿಲ್ಲುತ್ತಿತ್ತು. ಅವರಿಗೆ ಸಿಕ್ಕ ಫಲ ನಿಜ, ಕೊಟ್ಟ ಕಾರಣ ಸುಳ್ಳು.

ಒಂದೇ ಅಂಗಡಿಯ ಎರಡು ವಿದ್ಯೆ

ಶಕ್ತಿ ಹೆಚ್ಚಿಸಲು ಸಿಲಿಂಡರ್ ಹೆಡ್ಡಿನ ಅಡಿಯನ್ನು ತುಸು ಹೆರೆದು ತೆಗೆಯುವುದು ಆ ಯುವಕರ ಸಾಮಾನ್ಯ ಕ್ರಮ. ಆ ಅಡಿಯ ಹಿಂದೆಯೇ ನೀರು ಹರಿಯುವ ಟೊಳ್ಳು ಇರುತ್ತದೆ. ಎರಕದ ಗೋಡೆ ಎಲ್ಲೆಡೆ ಒಂದೇ ದಪ್ಪ ಇರುವುದಿಲ್ಲ. ಎಲ್ಲೋ ಒಂದು ಕಡೆ ಕಾಗದದಷ್ಟು ತೆಳ್ಳಗಾಗಿರಬಹುದು. ಹಳೆಯ ಬ್ಲಾಕುಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರುತ್ತಿದ್ದವು. ಹೀಗಾಗಿ, ಹೆರೆದ ಮೇಲೆ ಒತ್ತಡ ಹಾಕಿ ನೋಡುವುದು ಅನಿವಾರ್ಯವಾಯಿತು.

ಲೇತ್ ಮತ್ತು ಒತ್ತಡ, ಈ ಎರಡೂ ವಿದ್ಯೆಗಳು ಲಂಡನ್ನಿನ ಒಂದೇ ಕಾರ್ಯಾಗಾರದಲ್ಲಿ ಕೈಹಿಡಿದು ಬೆಳೆದವು. ಬೀಗ ತಯಾರಕ ಜೋಸೆಫ್ ಬ್ರಾಮಾ 1795ರಲ್ಲಿ ನೀರಿನ ಒತ್ತಡದಿಂದ ನಡೆಯುವ ಪ್ರೆಸ್ಸಿಗೆ ಪೇಟೆಂಟ್ ಪಡೆದರು. ಅದರಲ್ಲಿ ನೀರು ಸೋರದಂತೆ ತಡೆಯುವ ಚರ್ಮದ ಬಟ್ಟಲನ್ನು ರೂಪಿಸಿದ ಹೆಗ್ಗಳಿಕೆ ಅವರ ಕೆಲಸಗಾರ ಹೆನ್ರಿ ಮಾಡ್ಸ್ಲೇಗೆ ಸಲ್ಲುತ್ತದೆ. ಒತ್ತಡ ಹೆಚ್ಚಿದಷ್ಟೂ ಆ ಚರ್ಮ ಗೋಡೆಗೆ ಹೆಚ್ಚು ಬಿಗಿಯಾಗಿ ಒತ್ತಿಕೊಳ್ಳುತ್ತಿತ್ತು. ವಾರಕ್ಕೆ 30 ಷಿಲಿಂಗ್ ಪಡೆಯುತ್ತಿದ್ದ ಮಾಡ್ಸ್ಲೇ ಸಂಬಳ ಹೆಚ್ಚಿಸಲು ಕೇಳಿದಾಗ ಬ್ರಾಮಾ ಒಪ್ಪಲಿಲ್ಲ. ಮಾಡ್ಸ್ಲೇ ಹೊರಬಂದು ಸ್ವಂತ ಅಂಗಡಿ ಹಾಕಿದರು. ತಿರುಪನ್ನು ಕರಾರುವಾಕ್ಕಾಗಿ ಕೊರೆಯುವ ಅವರ ಲೇತ್ ಮುಂದಿನ ಯಂತ್ರಯುಗಕ್ಕೆ ತಳಹದಿಯಾಯಿತು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದ ಹೊರಬಂದ ಲೇತ್‌ಗಳೂ ಅದೇ ವಂಶಕ್ಕೆ ಸೇರಿದವು.

ಗಾಳಿಯೋ ನೀರೋ?

ಪರೀಕ್ಷೆಯ ವಿಧಾನ ನೋಡಲು ಸುಲಭ. ಹೆಡ್ಡಿನಲ್ಲಿ ನೀರಿನ ದಾರಿಗಳಿರುವ ಬಾಯಿಗಳನ್ನೆಲ್ಲ ರಬ್ಬರ್ ಹಾಳೆ ಹಾಗೂ ದಪ್ಪ ಕಬ್ಬಿಣದ ಪಟ್ಟಿಯಿಂದ ಮುಚ್ಚಿ ಬೋಲ್ಟ್ ಬಿಗಿಯಬೇಕು. ಒಂದು ಬಾಯಿಗೆ ಕೈಪಂಪು ಮತ್ತು ಒತ್ತಡ ಮಾಪಕ ಜೋಡಿಸಬೇಕು. ಒತ್ತಡ ಏರಿಸಿ, ಮುಳ್ಳು ಇಳಿಯುತ್ತದೆಯೇ ಎಂದು ಕಾದು ನೋಡಬೇಕು. ಆದರೆ ಒಳಗೆ ತುಂಬುವುದು ನೀರೋ ಗಾಳಿಯೋ ಎಂಬುದರ ಮೇಲೆ ಪಕ್ಕದಲ್ಲಿ ನಿಂತವರ ಕ್ಷೇಮ ನಿಂತಿದೆ.

ಹತ್ತು ಲೀಟರ್ ಹಿಡಿಸುವ ಗಟ್ಟಿ ತೊಟ್ಟಿಯೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ನೀರು ತುಂಬಿ 1 ಕಿಲೋ ಒತ್ತಡ ಹಾಕಿದರೆ ನೀರು ಕುಗ್ಗುವುದು ಸುಮಾರು ಅರ್ಧ ಮಿಲಿಲೀಟರ್ ಮಾತ್ರ, ಅಂದರೆ ಕೆಲವು ಹನಿ. ತೊಟ್ಟಿ ಬಿರಿದರೆ ಆ ಕೆಲವು ಹನಿ ಹೊರಬಿದ್ದ ಕೂಡಲೇ ಒತ್ತಡ ಸೊನ್ನೆ. ನೆಲ ಒದ್ದೆಯಾಗುತ್ತದೆ, ಅಷ್ಟೆ. ಅದೇ ತೊಟ್ಟಿಗೆ ಗಾಳಿ ತುಂಬಿ ಅದೇ ಒತ್ತಡ ತರಬೇಕಾದರೆ ಹೊರಗಿನ ಇನ್ನೂ ಹತ್ತು ಲೀಟರ್ ಗಾಳಿಯನ್ನು ಒಳಗೆ ತುರುಕಬೇಕು. ಬಿರಿದರೆ ಆ ಹತ್ತು ಲೀಟರೂ ಹೊರನುಗ್ಗುವವರೆಗೆ ಒತ್ತಡ ತಳ್ಳುತ್ತಲೇ ಇರುತ್ತದೆ; ಸಡಿಲವಾದ ಪಟ್ಟಿಯನ್ನು ಕಲ್ಲಿನಂತೆ ಎಸೆಯುತ್ತದೆ. 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಪಟ್ಟಿಯ ಮೇಲೆ 1 ಕಿಲೋ ಒತ್ತಡ ಹೇರುವ ಬಲ 100 ಕಿಲೋ. 40ಕ್ಕೆ 30 ಸೆಂಟಿಮೀಟರಿನ ಚಪ್ಪಟೆ ತಗಡಿನ ಮೇಲಾದರೆ 1,200 ಕಿಲೋ! ಚೌಕಾಕಾರದ ಮನೆಗೆಲಸದ ತೊಟ್ಟಿ ಉಬ್ಬುವುದೂ ದುಂಡನೆಯ ಕೊಳವೆ ತಡೆಯುವುದೂ ಇದಕ್ಕೇ.

ಬಾಯ್ಲರ್ ಕಟ್ಟುವವರು ಈ ಪಾಠ ಕಲಿತದ್ದು ಭಾರಿ ಬೆಲೆ ತೆತ್ತು. 1865ರ ಏಪ್ರಿಲ್ 27ರ ನಡುರಾತ್ರಿಯ ನಂತರ ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ‘ಸುಲ್ತಾನಾ’ ಎಂಬ ಹಬೆ ಹಡಗಿನ ಬಾಯ್ಲರುಗಳು ಸಿಡಿದವು. 376 ಜನರಿಗೆ ಮಾತ್ರ ಪರವಾನಗಿಯಿದ್ದ ಹಡಗಿನಲ್ಲಿ 2,000ಕ್ಕೂ ಹೆಚ್ಚು ಮಂದಿ ಇದ್ದರು. ಅವರಲ್ಲಿ ಬಹುಪಾಲು ಸೆರೆಯಿಂದ ಬಿಡುಗಡೆಯಾಗಿ ಊರಿಗೆ ಹೊರಟಿದ್ದ ಸೈನಿಕರು. ಸತ್ತವರು 1,100ಕ್ಕೂ ಹೆಚ್ಚು. ಕೆಲವೇ ದಿನಗಳ ಹಿಂದೆ ಒಂದು ಬಾಯ್ಲರಿನ ಉಬ್ಬಿದ ಭಾಗಕ್ಕೆ ಅವಸರದಲ್ಲಿ ತೇಪೆ ಹಾಕಲಾಗಿತ್ತು. ದುರಂತಕ್ಕೆ ಕಾರಣ ಅದೊಂದೇ ಅಲ್ಲದಿರಬಹುದು. ಆದರೆ ತೇಪೆಯ ಯೋಗ್ಯತೆಯನ್ನು ಪರೀಕ್ಷಿಸುವ ಬಗ್ಗೆ ಅಸಡ್ಡೆ ಇತ್ತು ಎಂಬುದಂತೂ ಸ್ಪಷ್ಟ. ಇಂಥ ಸ್ಫೋಟಗಳ ಹಿಂದೆಯೇ ತಪಾಸಣೆಯ ಕಾನೂನುಗಳು ಬಂದವು. ಭಾರತದಲ್ಲಿ 1923ರ ಬಾಯ್ಲರ್ ಕಾಯ್ದೆ ನೂರು ವರ್ಷ ಜಾರಿಯಲ್ಲಿದ್ದು, 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ನೀರು ತುಂಬಿ, ದುಡಿಯುವ ಒತ್ತಡಕ್ಕಿಂತ ಹೆಚ್ಚು ಒತ್ತಡ ಹಾಕಿ ನೋಡುವ ಕ್ರಮ ಈ ತಪಾಸಣೆಯ ಜೀವಾಳ.

ಷೆಡ್ಡಿಗೆ ಕಾಯ್ದೆಯಿಲ್ಲ

ಮನೆಯ ಷೆಡ್ಡಿಗೆ ಬಾಯ್ಲರ್ ಇನ್ಸ್‌ಪೆಕ್ಟರ್ ಬರುವುದಿಲ್ಲ. ಅಲ್ಲಿ ಮಾಡುವವನೇ ಪರೀಕ್ಷಕ. ಹಳೆಯ ಕಾರುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ಇಂದಿಗೂ ಸಿಗದ ಥರ್ಮೋಸ್ಟಾಟ್ ಗೂಡನ್ನು ಅಲ್ಯುಮಿನಿಯಂ ಗಟ್ಟಿಯಿಂದ ಕಡೆದುಕೊಳ್ಳುತ್ತಾರೆ, ರೇಡಿಯೇಟರಿಗೆ ಹೊಸ ತೊಟ್ಟಿ ಬೆಸೆಯುತ್ತಾರೆ. ಬಲ್ಲವರು ಪಾಲಿಸುವ ನಿಯಮಗಳು ಕೆಲವೇ. ಭಾಗದಲ್ಲಿ ನೀರು ತುಂಬುವಾಗ ಅತಿ ಎತ್ತರದ ಬಾಯಿಯಿಂದ ಗಾಳಿಯನ್ನೆಲ್ಲ ಹೊರಬಿಡಬೇಕು. ಒಳಗೆ ಉಳಿದ ಗಾಳಿಗುಳ್ಳೆಯೇ ಸ್ಪ್ರಿಂಗಿನಂತೆ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. ಒತ್ತಡವನ್ನು ಹಂತಹಂತವಾಗಿ ಏರಿಸಬೇಕು. ತಣ್ಣೀರಿನಲ್ಲಿ ಮುಚ್ಚಿಕೊಂಡಿರುವ ಬಿರುಕು ಬಿಸಿಯಲ್ಲಿ ಬಾಯಿ ಬಿಡುವುದುಂಟು. ಆದ್ದರಿಂದ ಬಿಸಿನೀರಿನಲ್ಲೂ ಒಮ್ಮೆ ನೋಡಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ರೇಡಿಯೇಟರ್ ರಿಪೇರಿಯವರು ಗಾಳಿಯನ್ನೇ ಬಳಸುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಅವರು ರೇಡಿಯೇಟರನ್ನು ನೀರಿನ ತೊಟ್ಟಿಯಲ್ಲಿ ಪೂರಾ ಮುಳುಗಿಸಿ, ಕಡಿಮೆ ಒತ್ತಡದ ಗಾಳಿ ಬಿಟ್ಟು, ಗುಳ್ಳೆ ಏಳುವ ಜಾಗವನ್ನು ಗುರುತಿಸುತ್ತಾರೆ. ಸೋರಿಕೆ ಎಲ್ಲಿ ಎಂದು ತಿಳಿಯಲು ಅದಕ್ಕಿಂತ ಸುಲಭ ವಿಧಾನವಿಲ್ಲ. ಅಪಾಯವಿರುವುದು ಮನೆಯಲ್ಲಿ ಕಡೆದ, ಬಲ ಇನ್ನೂ ತಿಳಿಯದ ಭಾಗಕ್ಕೆ ಟೈರಿಗೆ ಗಾಳಿ ಹಾಕುವ ಕಂಪ್ರೆಸರನ್ನು ನೇರವಾಗಿ ಜೋಡಿಸುವುದರಲ್ಲಿ. ಆ ಯಂತ್ರದ ತೊಟ್ಟಿಯಲ್ಲಿ 7ರಿಂದ 10 ಕಿಲೋ ಒತ್ತಡವಿರುತ್ತದೆ; ರೇಡಿಯೇಟರ್ ಮುಚ್ಚಳ ತಡೆಯುವುದು ಸುಮಾರು 1 ಕಿಲೋ.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಘಟ್ಟದ ತಿರುವುಗಳಲ್ಲಿ ಹಬೆ ಬಿಡುತ್ತಾ ನಿಂತ ಕಾರುಗಳೂ ಈಗ ಅಪರೂಪ. ಹೊಸ ಕಾರುಗಳು ಕುದಿಯುವುದಿಲ್ಲವೆಂದಲ್ಲ. ಅವುಗಳಲ್ಲಿ ಒತ್ತಡ ಬಿಗಿಯಾಗಿ ಬಂದಿಯಾಗಿದೆ. ಆದರೂ ಕಾದ ಎಂಜಿನ್ನಿನ ಮುಚ್ಚಳ ತೆರೆಯುವ ಮುನ್ನ ಕಾಲು ಗಂಟೆ ಕೂತು ಕಾಯಬೇಕೆಂಬ ಆ ಹಳೆಯ ಚಾಲಕನ ನಿಯಮದಲ್ಲಿ ಏನೂ ಬದಲಾಗಿಲ್ಲ.