ಡಿಜಿಟಲ್ ಕ್ಯಾಲಿಪರ್ ತೋರಿಸಿದ ರಂಧ್ರದ ಅಳತೆಯನ್ನು ಹಾಗೇ ನಂಬಬಹುದೇ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಪಂಪ್‌ಸೆಟ್ ಮೋಟಾರ್ ಅಥವಾ ಆಲೆಮನೆಯ ಗಾಣ ನಿಂತರೆ ಬೆಳೆಗೂ ಕೆಲಸಕ್ಕೂ ಕುತ್ತು. ಅನೇಕ ಸಲ ತೊಂದರೆ ಇರುವುದು ಬೇರಿಂಗ್ ಕೂರುವ ರಂಧ್ರ ಸವೆದಿರುವುದರಲ್ಲಿ. ಮನೆಯಲ್ಲಿ ಪುಟ್ಟ ಲೇತ್ ಇದ್ದರೆ ಅದಕ್ಕೆ ಬುಷ್ ಹಾಕಿ ಮತ್ತೆ ಕೊರೆಯಬಹುದು. ಆದರೆ ಅಳತೆ ತಪ್ಪಿದರೆ ಹೊಸ ಬೇರಿಂಗ್ ಕೂಡ ಬೇಗ ಹಾಳಾಗುತ್ತದೆ.

ನಂಬಿಕೆ: ಡಿಜಿಟಲ್ ಕ್ಯಾಲಿಪರ್ 0.01 ಮಿ.ಮೀ.ವರೆಗೆ ತೋರಿಸುತ್ತದೆ, ಆದ್ದರಿಂದ ರಂಧ್ರದ ಅಳತೆಯೂ ಅಷ್ಟೇ ನಿಖರ.

ನಿಜಾಂಶ: ಇದು ತಪ್ಪು. ಪರದೆ ತೋರಿಸುವ ಅಂಕಿ ಬೇರೆ, ಉಪಕರಣದ ನಿಖರತೆ ಬೇರೆ. 150 ಮಿ.ಮೀ.ನ ಒಳ್ಳೆಯ ಕ್ಯಾಲಿಪರ್‌ನಲ್ಲೂ ಸಾಮಾನ್ಯವಾಗಿ 0.02 ಮಿ.ಮೀ. ಹೆಚ್ಚುಕಡಿಮೆ ಆಗಬಹುದು. ಒಳ ಅಳತೆಯ ದವಡೆಗಳಿಗೆ ಅಲ್ಪ ಅಗಲ ಇರುವುದರಿಂದ, ಸಣ್ಣ ರಂಧ್ರದಲ್ಲಿ ಅವು ಸರಿಯಾಗಿ ವ್ಯಾಸದ ಮೇಲೆ ಕೂರುವುದಿಲ್ಲ. ಆ ಅಗಲ 0.5 ಮಿ.ಮೀ. ಇದ್ದರೆ 5 ಮಿ.ಮೀ. ರಂಧ್ರ ಸುಮಾರು 4.975 ಎಂದು ಕಾಣುತ್ತದೆ.

ಇಷ್ಟು ಚಿಕ್ಕ ವ್ಯತ್ಯಾಸ ಮುಖ್ಯವೇ?

ಹೌದು. 6205 ಬೇರಿಂಗ್‌ನ ಹೊರ ವ್ಯಾಸ 52 ಮಿ.ಮೀ. ಸಾಮಾನ್ಯವಾಗಿ ಬಳಸುವ ಎಚ್7 ಅಳತೆಯಂತೆ ಅದು ಕೂರುವ ರಂಧ್ರ 52.000ರಿಂದ 52.030ರ ಒಳಗಿರಬೇಕು. ಈ ಅಂತರ ತಲೆಕೂದಲಿನ ದಪ್ಪಕ್ಕಿಂತ ಕಡಿಮೆ. ಸಡಿಲವಾದರೆ ಬೇರಿಂಗ್‌ನ ಹೊರ ಉಂಗುರವೇ ತಿರುಗಿ ರಂಧ್ರವನ್ನು ಸವೆಸುತ್ತದೆ. ಬಿಗಿಯಾದರೆ ಒಳಗಿನ ಗುಂಡುಗಳಿಗೆ ಜಾಗ ಸಾಲದೆ ಬೇರಿಂಗ್ ಬಿಸಿಯಾಗುತ್ತದೆ. ಕೈಯಿಂದ ತೂರಿಸಿ ನೋಡಿದರೆ 52.01ಕ್ಕೂ 52.05ಕ್ಕೂ ಇರುವ ವ್ಯತ್ಯಾಸ ಸುಲಭವಾಗಿ ತಿಳಿಯುವುದಿಲ್ಲ.

ಸರಿಯಾಗಿ ಅಳೆಯುವುದು ಹೇಗೆ?

• ಟೆಲಿಸ್ಕೋಪಿಕ್ ಗೇಜನ್ನು ಸ್ವಲ್ಪ ಓರೆಯಾಗಿ ಒಳಗಿಟ್ಟು, ಹಗುರವಾಗಿ ಬಿಗಿ ಮಾಡಿ, ಒಂದೇ ಸಲ ನೇರಕ್ಕೆ ತೂಗಿ ಹೊರತೆಗೆಯಿರಿ. ಅದನ್ನು ಮೈಕ್ರೊಮೀಟರ್‌ನಲ್ಲಿ ಅಳೆಯಿರಿ. ಮೂರು ಸಲ ಮಾಡಿ, ಮೂರೂ ಹೊಂದಬೇಕು.
• ಡಯಲ್ ಬೋರ್ ಗೇಜ್ ಇದ್ದರೆ ಇನ್ನೂ ಉತ್ತಮ. ಮೈಕ್ರೊಮೀಟರ್‌ಗೆ ಹೊಂದಿಸಿ ಸೊನ್ನೆ ಮಾಡಿಕೊಳ್ಳಿ. ರಂಧ್ರದೊಳಗೆ ಹಿಂದೆ ಮುಂದೆ ತೂಗಿದಾಗ ಸಿಗುವ ಅತಿ ಕಡಿಮೆ ಅಳತೆಯೇ ವ್ಯಾಸ.
• ಬಾಯಿ, ನಡು, ತಳ ಮೂರೂ ಕಡೆ, ಬೇರೆ ಬೇರೆ ದಿಕ್ಕಿನಲ್ಲಿ ಅಳೆಯಿರಿ. ರಂಧ್ರ ಒಂದು ಕಡೆ ಅಗಲವಾಗಿರಬಹುದು.
• ಡ್ರಿಲ್ ಮಾಡಿದ ರಂಧ್ರ ಪೂರ್ತಿ ದುಂಡಗಿರದಿರಬಹುದು. ಎದುರುಬದುರು ಎರಡು ಬಿಂದುಗಳ ಅಳತೆಗೆ ಇದು ಸಿಗದೇ ಹೋಗಬಹುದು. ಪ್ಲಗ್ ಗೇಜ್ ಹಾಕಿದರೆ ಗೊತ್ತಾಗುತ್ತದೆ.
• ಕೊರೆದ ಕೂಡಲೇ ಅಳೆಯಬೇಡಿ. ಎರಕದ ಕಬ್ಬಿಣ 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ 52 ಮಿ.ಮೀ. ರಂಧ್ರ ಸುಮಾರು 0.01 ಮಿ.ಮೀ. ಹಿಗ್ಗಿರುತ್ತದೆ. ಅಲ್ಯೂಮಿನಿಯಂ ಅದರ ಎರಡರಷ್ಟು ಹಿಗ್ಗುತ್ತದೆ.

ಖರ್ಚಿಲ್ಲದ ಪರೀಕ್ಷೆ

ಹೊಸ 6205 ಬೇರಿಂಗ್‌ನ ಒಳ ರಂಧ್ರ 25 ಮಿ.ಮೀ.; ಅದು 0.01ಕ್ಕಿಂತ ಹೆಚ್ಚು ಕಡಿಮೆ ಇರುವುದಿಲ್ಲ. ನಿಮ್ಮ ಕ್ಯಾಲಿಪರ್‌ನಿಂದ ಅದನ್ನು ಅಳೆದು ನೋಡಿ. 24.95 ಬಂದರೆ, ನಿಮ್ಮ ಕ್ಯಾಲಿಪರ್ ಎಷ್ಟು ತಪ್ಪು ತೋರಿಸುತ್ತಿದೆ ಎಂದು ಕಣ್ಣೆದುರೇ ಗೊತ್ತಾಗುತ್ತದೆ.

ತೀರ್ಮಾನ: ಬೋಲ್ಟ್ ತೂರುವ ರಂಧ್ರಕ್ಕೆ ಕ್ಯಾಲಿಪರ್ ಸಾಕು. ಬೇರಿಂಗ್ ಕೂರುವ ರಂಧ್ರಕ್ಕೆ ಸಾಲದು.