ಎಚ್4 ಬಲ್ಬು

ಎಚ್4 ಬಲ್ಬು ಮೋಟಾರು ವಾಹನಗಳ ಮುಂದೀಪಗಳಲ್ಲಿ ಬಳಸಲಾಗುವ, ಎರಡು ತಂತುಗಳುಳ್ಳ ಹ್ಯಾಲೊಜೆನ್ ಬಲ್ಬು. ಇದು 1971ರಲ್ಲಿ ಬಳಕೆಗೆ ಬಂದಿತು.

ರಚನೆ

12 ವೋಲ್ಟಿನ ಬಲ್ಬಿನಲ್ಲಿ ಹೈಬೀಮ್ ತಂತು 60 ವ್ಯಾಟ್, ಲೋಬೀಮ್ ತಂತು 55 ವ್ಯಾಟ್ ಸಾಮರ್ಥ್ಯದ್ದಾಗಿರುತ್ತದೆ. ಲೋಬೀಮ್ ತಂತುವಿನ ಕೆಳಗಿರುವ ಲೋಹದ ಪುಟ್ಟ ಬಟ್ಟಲು ಪ್ರತಿಫಲಕದ ಕೆಳಭಾಗಕ್ಕೆ ಬೆಳಕು ತಾಗದಂತೆ ತಡೆಯುತ್ತದೆ. ಆದ್ದರಿಂದ ಕಿರಣಗಳು ಮೇಲಕ್ಕೆ ಚಿಮ್ಮಿ ಎದುರಿನವರ ಕಣ್ಣು ಕುಕ್ಕುವುದಿಲ್ಲ.

ಬಿಳುಪು ಮತ್ತು ಪ್ರಕಾಶ

ಸಾಮಾನ್ಯ ಹ್ಯಾಲೊಜೆನ್ ಬೆಳಕಿನ ವರ್ಣತಾಪ ಸುಮಾರು 3200 ಕೆಲ್ವಿನ್. ಹೀಗಾಗಿ ಅದು ತುಸು ಹಳದಿಯಾಗಿ ಕಾಣುತ್ತದೆ. ಬಿಳುಪು ಹೆಚ್ಚಿಸಲು ಕೆಲವು ಬಲ್ಬುಗಳ ಗಾಜಿಗೆ ನೀಲಿ ಲೇಪ ಕೊಡಲಾಗುತ್ತದೆ. ಲೇಪವು ಹಳದಿ ಮತ್ತು ಕೆಂಪು ಕಿರಣಗಳ ಒಂದಂಶವನ್ನು ಹೀರಿಕೊಳ್ಳುವುದರಿಂದ ಬೆಳಕು ಬೆಳ್ಳಗಾಗುತ್ತದೆಯೇ ಹೊರತು ಅದರ ಪ್ರಮಾಣ ಹೆಚ್ಚುವುದಿಲ್ಲ.

ಬದಲಾವಣೆಯ ಪರಿಣಾಮಗಳು

100/90 ವ್ಯಾಟಿನ ಬಲ್ಬುಗಳನ್ನು ಅಳವಡಿಸಿದರೆ ಮೂಲ ತಂತಿ, ಹಿಡಿಕೆ ಹಾಗೂ ಪ್ರತಿಫಲಕಗಳು ಅತಿಯಾಗಿ ಕಾಯಬಹುದು. ಹ್ಯಾಲೊಜೆನ್ ಪ್ರತಿಫಲಕದಲ್ಲಿ ಎಲ್‌ಇಡಿ ಬಲ್ಬನ್ನು ಕೂರಿಸಿದಾಗ ಬೆಳಕಿನ ಮೂಲವು ತಂತುವಿನ ಸ್ಥಾನಕ್ಕೆ ಸರಿಹೊಂದದಿದ್ದರೆ ಕಿರಣಪುಂಜ ಚದುರುತ್ತದೆ. ಆಗ ಚಾಲಕನಿಗೆ ಹೆಚ್ಚು ಬೆಳಕಿದೆಯೆಂಬ ಭಾವನೆ ಬಂದರೂ ದೂರದ ರಸ್ತೆ ಸ್ಪಷ್ಟವಾಗಿ ಕಾಣದು. ಎದುರು ಬರುವವರಿಗೂ ಅಪಾಯ. ಭಾರತದಲ್ಲಿ ವಾಹನಗಳ ಮಾರ್ಪಾಡು ಮೋಟಾರು ವಾಹನ ಅಧಿನಿಯಮ, 1988ರ 52ನೇ ಕಲಮಿಗೆ ಒಳಪಟ್ಟಿದೆ.

ನಿರ್ವಹಣೆ

ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ವಿಪರೀತ ಕಾದು ಬಲ್ಬಿನ ಆಯುಷ್ಯ ಕುಗ್ಗುತ್ತದೆ. ಮಂದ ಬೆಳಕಿಗೆ ಬಲ್ಬೇ ಕಾರಣವಾಗಿರಬೇಕೆಂದಿಲ್ಲ. ಮಬ್ಬಾದ ಹೊರಗವಚ, ತುಕ್ಕು ಹಿಡಿದ ಜೋಡಣೆ ಮತ್ತು ತಪ್ಪಿದ ದೀಪದ ಕೋನವೂ ಕಾರಣವಾಗಬಹುದು.