ಅಂಕಿ ಬರೆದವರು, ಅಂಕಿ ಓದಿದವರು

ಕಳೆದ ದೀಪಾವಳಿಗೆ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಅವನದು ಸಾಫ್ಟ್‌ವೇರ್ ಕೆಲಸ. ಎಣ್ಣೆ ನೀರು ಹಾಕಿಕೊಂಡು ಬಂದು ಕಜ್ಜಾಯ ತಿನ್ನುವಾಗಲೂ ಅವನ ಒಂದು ಕಣ್ಣು ಲ್ಯಾಪ್‌ಟಾಪಿನ ಮೇಲೆಯೇ ಇತ್ತು.

“ಹಬ್ಬದ ದಿನವೂ ಅದೇನಪ್ಪಾ?” ಎಂದೆ.

“ನಾವು ಮಾಡಿದ ಆ್ಯಪ್ ಜನರ ಫೋನುಗಳಲ್ಲಿ ಹೇಗೆ ನಡೀತಿದೆ ಅಂತ ಅದೇ ವರದಿ ಕಳಿಸುತ್ತೆ ಚಿಕ್ಕಮ್ಮ. ತೆರೆದುಕೊಳ್ಳೋಕೆ ಎಷ್ಟು ಹೊತ್ತು ಹಿಡೀತು, ಎಷ್ಟು ಮೆಮೊರಿ ತಿಂತು, ಎಲ್ಲಿ ನಿಂತುಹೋಯ್ತು, ಎಲ್ಲಾ ಬರುತ್ತೆ. ಟೆಲಿಮೆಟ್ರಿ ಅಂತಾರೆ.”

“ಅಷ್ಟನ್ನೂ ಯಾರು ಓದುತ್ತಾರೆ?”

ಅವನು ನಕ್ಕುಬಿಟ್ಟ. “ಬರೋದು ರಾಶಿ ಚಿಕ್ಕಮ್ಮ, ಓದೋದು ಚೂರು.”

ಟೆಲಿಮೆಟ್ರಿ ಎಂದರೆ ದೂರದಿಂದ ಅಳೆಯುವುದು. ಆ ಮಾತಿನ ಜಾಡು ಹಿಡಿದು ಓದುತ್ತಾ ಹೋದಾಗ, ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದ ಚಂದ್ರನ ಕಥೆಯೊಳಗೆ ನನಗೆ ಗೊತ್ತಿಲ್ಲದ ಇನ್ನೊಂದು ಕಥೆ ಸಿಕ್ಕಿತು.

1969ರ ಜುಲೈ 20. ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ‘ಈಗಲ್’ ನೌಕೆಯಲ್ಲಿ ಚಂದ್ರನತ್ತ ಇಳಿಯುತ್ತಿದ್ದರು. ದಾರಿ ತೋರಿಸಲು ನೌಕೆಯಲ್ಲಿ ಒಂದು ಚಿಕ್ಕ ಕಂಪ್ಯೂಟರು. ಲೆಕ್ಕ ಮಾಡುವಾಗ ಬರೆದು ಅಳಿಸಲು ಅದಕ್ಕಿದ್ದ ಜಾಗ ಕೇವಲ 2,048 ಪದಗಳಷ್ಟು. ಅಳಿಸಲಾಗದ ನೆನಪು 36,864 ಪದಗಳಷ್ಟು. ಈ ಎರಡನೆಯದನ್ನು ಅಮೆರಿಕದ ವಾಲ್ಥಮ್ ಎಂಬ ಊರಿನ ರೇಥಿಯಾನ್ ಕಾರ್ಖಾನೆಯಲ್ಲಿ ಹೆಂಗಸರು ಕೂತು ತಂತಿಯಲ್ಲಿ ನೇಯ್ದಿದ್ದರು. ತಂತಿ ಪುಟ್ಟ ಉಂಗುರದ ಒಳಗೆ ಹಾದರೆ ಒಂದು, ಹೊರಗೆ ಹಾದರೆ ಸೊನ್ನೆ. ಒಂದು ಎಳೆ ತಪ್ಪಿದರೂ ಲೆಕ್ಕ ತಪ್ಪುತ್ತಿತ್ತು. ಕಸೂತಿ ಹಾಕಿದವರಿಗೆ ಆ ಕಷ್ಟ ಬೇರೆ ಹೇಳಬೇಕಾಗಿಲ್ಲ.

ಈ ಕಂಪ್ಯೂಟರು ನೌಕೆ ನಡೆಸುವುದರ ಜೊತೆಗೆ, ತನ್ನೊಳಗೆ ಏನಾಗುತ್ತಿದೆ ಎಂದು ಎರಡು ಸೆಕೆಂಡಿಗೊಮ್ಮೆ ನೂರು ಜೋಡಿ ಅಂಕಿಗಳನ್ನು ಭೂಮಿಗೆ ಕಳಿಸಬೇಕಿತ್ತು. ಅವು ಸುಮಾರು 3,84,000 ಕಿಲೋಮೀಟರು ದಾಟಿ ಹ್ಯೂಸ್ಟನ್ನಿನ ಕೇಂದ್ರದ ಪರದೆಗಳ ಮೇಲೆ ಬಂದು ನಿಲ್ಲುತ್ತಿದ್ದವು.

ನೌಕೆ ಇನ್ನೂ ಹತ್ತು ಕಿಲೋಮೀಟರು ಎತ್ತರದಲ್ಲಿದ್ದಾಗ ಕಂಪ್ಯೂಟರು ಎಚ್ಚರಿಕೆಯ ಒಂದು ಸಂಖ್ಯೆ ತೋರಿಸಿತು: 1202. ಒಳಗಿದ್ದ ಇಬ್ಬರಿಗೂ ಅದರ ಅರ್ಥ ಗೊತ್ತಿರಲಿಲ್ಲ. ಇಳಿಯುವುದೋ, ಬಿಟ್ಟು ಮೇಲೆ ಹಾರುವುದೋ? ಹ್ಯೂಸ್ಟನ್ನಿನಲ್ಲಿ ನಿರ್ಧಾರ ಹೇಳಬೇಕಾಗಿದ್ದವನು 26 ವರ್ಷದ ಸ್ಟೀವ್ ಬೇಲ್ಸ್. ಹಿಂದಿನ ಕೋಣೆಯಲ್ಲಿ ಅವನಿಗೆ ಬೆಂಬಲವಾಗಿ ಕೂತಿದ್ದವನು 24 ವರ್ಷದ ಜ್ಯಾಕ್ ಗಾರ್ಮನ್. ಅರ್ಧ ನಿಮಿಷದೊಳಗೆ ಉತ್ತರ ಹೋಯಿತು: ತೊಂದರೆಯಿಲ್ಲ, ಮುಂದುವರಿಯಿರಿ.

ಅಷ್ಟು ಬೇಗ ಹೇಗೆ ಹೇಳಿದರು? ಅದರ ಉತ್ತರ ಕೆಲವು ದಿನ ಹಿಂದಿನ ಒಂದು ತಪ್ಪಿನಲ್ಲಿತ್ತು. ಅಭ್ಯಾಸದ ವೇಳೆ ಇಂಥದೇ ಎಚ್ಚರಿಕೆ ಕೊಟ್ಟು ಪರೀಕ್ಷಿಸಿದಾಗ ಇವರು ಗಾಬರಿಯಾಗಿ, ಇಳಿಯುವುದನ್ನು ನಿಲ್ಲಿಸಿ ಎಂದುಬಿಟ್ಟಿದ್ದರು. ನಿಲ್ಲಿಸುವ ಅಗತ್ಯವೇ ಇರಲಿಲ್ಲ. ಆಗ ಮೇಲಧಿಕಾರಿ ಜೀನ್ ಕ್ರಾಂಜ್, ಯಾವ ಯಾವ ಸಂಖ್ಯೆ ಬಂದರೆ ಏನೇನು ಮಾಡಬೇಕೆಂದು ಪಟ್ಟಿ ಮಾಡಿಸಿದರು. ಗಾರ್ಮನ್ ಅದನ್ನು ಕೈಯಲ್ಲಿ ಬರೆದು ತನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದ.

1202ರ ಅರ್ಥ ಇಷ್ಟೇ: ‘ಹೊಸ ಕೆಲಸ ಹಾಕಿಕೊಳ್ಳಲು ನನ್ನಲ್ಲಿ ಜಾಗವಿಲ್ಲ.’ ಇಳಿಯಲು ಬೇಕಿಲ್ಲದ ಒಂದು ರೇಡಾರಿನ ಕಡೆಯಿಂದ ಸುಳ್ಳು ಸಂಕೇತಗಳು ಬಂದು ಕಂಪ್ಯೂಟರಿನ ಹೊತ್ತಿನಲ್ಲಿ ನೂರಕ್ಕೆ ಸುಮಾರು 13 ಪಾಲು ತಿನ್ನುತ್ತಿದ್ದವು. ಆದರೆ ಅದನ್ನು ರೂಪಿಸಿದವರು ಜಾಣರು. ಹೊರೆ ಮೀರಿದಾಗ ಎಲ್ಲವನ್ನೂ ಕೆಳಗಿಟ್ಟು, ಮುಖ್ಯವಾದ ಕೆಲಸಗಳನ್ನು ಮಾತ್ರ ಮತ್ತೆ ಎತ್ತಿಕೊಳ್ಳುವಂತೆ ಏರ್ಪಾಡು ಮಾಡಿದ್ದರು. ಆ ತಂತ್ರಾಂಶದ ಹಿರಿಯರಲ್ಲಿ ಒಬ್ಬರು ಮಾರ್ಗರೆಟ್ ಹ್ಯಾಮಿಲ್ಟನ್, ರಜೆಯಲ್ಲಿ ಪುಟ್ಟ ಮಗಳನ್ನೂ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ದುಡಿದ ತಾಯಿ. 2016ರಲ್ಲಿ ಅವರಿಗೆ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಬಂತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಣ್ಣ ವಿಷಯ. ಎತ್ತರದ ಲೆಕ್ಕವನ್ನು ತೋರಿಸು ಎಂದು ತಾನು ಕಂಪ್ಯೂಟರನ್ನು ಕೇಳಿದಾಗಲೆಲ್ಲ ಎಚ್ಚರಿಕೆ ಬರುತ್ತಿದೆ ಎಂದು ಆಲ್ಡ್ರಿನ್ ಗಮನಿಸಿದ. ಮೊದಲೇ ಬಳಲಿದ್ದ ಯಂತ್ರಕ್ಕೆ ಕೇಳಿದ ಪ್ರಶ್ನೆಯೂ ಹೊರೆ! ಆಗ ಹ್ಯೂಸ್ಟನ್ನಿನವರು, ನೀವು ಕೇಳಬೇಡಿ, ಆ ಲೆಕ್ಕವನ್ನು ನಾವು ಇಲ್ಲಿಂದಲೇ ನೋಡಿಕೊಳ್ಳುತ್ತೇವೆ ಎಂದರು. ಹೇಗಿದ್ದರೂ ಅಂಕಿಗಳು ಅವರ ಕಣ್ಣ ಮುಂದೆ ಬರುತ್ತಿದ್ದವಲ್ಲ! ಎಚ್ಚರಿಕೆ ಒಟ್ಟು ಐದು ಸಲ ಬಂತು, ನೌಕೆ ಇಳಿಯಿತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾದದ್ದು ಚಂದ್ರನಲ್ಲ, ನನ್ನ ಹಾಜರಿ ಪುಸ್ತಕ.

ನಾನು ಕೆಲಸಕ್ಕೆ ಸೇರಿದ ಹೊಸತು. ಏಳನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಚುರುಕು. ಜೂನಿನಲ್ಲಿ ಅವಳ ಹಾಜರಿ 22 ದಿನ. ಜುಲೈನಲ್ಲಿ 17. ಆಗಸ್ಟಿನಲ್ಲಿ 11. ಸೆಪ್ಟೆಂಬರಿನಲ್ಲಿ 4. ತಿಂಗಳ ಕೊನೆಗೆ ನಾನು ದುಂಡಗಿನ ಅಕ್ಷರದಲ್ಲಿ ತಖ್ತೆ ತುಂಬಿ, ಮೊತ್ತ ಹಾಕಿ, ಶೇಕಡಾ ತೆಗೆದು ಆಫೀಸಿಗೆ ಕಳಿಸಿದೆ. ಒಂದು ತಿಂಗಳೂ ತಡ ಮಾಡಲಿಲ್ಲ. “ಟೀಚರ್ ತಖ್ತೆ ಎಂದರೆ ನೋಡಿ, ಒಂದು ತಿದ್ದುಪಡಿ ಇಲ್ಲ” ಎಂದು ಹೊಗಳಿಕೆಯೂ ಸಿಕ್ಕಿತು. ದಸರಾ ರಜೆ ಮುಗಿಸಿ ಬಂದಾಗ ಅವಳ ಗೆಳತಿ ಹೇಳಿದಳು: “ಮಿಸ್, ಅವಳ ಮದುವೆ ಆಗೋಯ್ತು.” ತಾಯಿ ಹಾಸಿಗೆ ಹಿಡಿದಿದ್ದರಂತೆ. ಅಡುಗೆ, ತಮ್ಮಂದಿರು ಎಲ್ಲ ಅವಳ ತಲೆಗೆ ಬಿದ್ದಿತ್ತಂತೆ. ಇನ್ನು ಓದು ಸಾಗುವುದಿಲ್ಲವೆಂದು ಸಂಬಂಧಿಕರು ಸೇರಿ ಮದುವೆ ಮುಗಿಸಿಬಿಟ್ಟಿದ್ದರು.

ಆಫೀಸಿನಲ್ಲಿ ಯಾರೂ ಓದಲಿಲ್ಲ ಎಂದು ಎಷ್ಟೋ ವರ್ಷ ಸಿಟ್ಟಾಗಿದ್ದೆ. ಆದರೆ 22, 17, 11, 4 ಎಂದು ಬರೆದ ಕೈ ನನ್ನದೇ. ಬರೆದ ನಾನೇ ಓದಲಿಲ್ಲವಲ್ಲ! ‘ನನ್ನಲ್ಲಿ ಜಾಗವಿಲ್ಲ’ ಎಂದು ಆ ಮಗು ನಾಲ್ಕು ತಿಂಗಳು ಹೇಳುತ್ತಲೇ ಇತ್ತು. ಅದು ಹೇಳಿದಾಗ ಏನು ಮಾಡಬೇಕೆಂದು ನನ್ನ ಮೇಜಿನ ಮೇಲೆ ಒಂದು ಚೀಟಿಯೂ ಇರಲಿಲ್ಲ.

ಈಗ ಹಾಜರಿ ಫೋನಿನಲ್ಲಿ ತುಂಬುತ್ತೇವೆ. ಬೆರಳು ಒತ್ತಿದರೆ ಹೋಯಿತು. ಅದನ್ನು ಯಾರು ಓದುತ್ತಾರೋ ಎಂದು ನಾನು ಕಾಯುವುದಿಲ್ಲ. ದೀಪಾವಳಿ ಕಳೆದ ಮೇಲೆ ನನ್ನ ಪುಸ್ತಕದ ರಟ್ಟಿನ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಮೂರು ದಿನ ಬರದಿದ್ದರೆ ಪಕ್ಕದ ಮನೆಯ ಮಗುವಿನ ಕೈಲಿ ಹೇಳಿ ಕಳಿಸುವುದು. ಐದು ದಿನವಾದರೆ ಶಾಲೆ ಬಿಟ್ಟ ಮೇಲೆ ನಾನೇ ಹೋಗುವುದು. ಹೋದಾಗ ಬಾಗಿಲಲ್ಲಿ ನಿಂತು “ಯಾಕೆ ಕಳಿಸಲಿಲ್ಲ?” ಎಂದು ಕೇಳಬಾರದು ಎಂದೂ ಅದರಲ್ಲಿ ಬರೆದುಕೊಂಡಿದ್ದೇನೆ. ಒಳಗೆ ಹೋಗಿ ಕೂತರೆ, ಒಲೆಯ ಮುಂದೆ ಯಾರಿದ್ದಾರೆ ಎನ್ನುವುದು ಕೇಳದೆಯೇ ಕಾಣುತ್ತದೆ.